ಜಾಗ ಬದಲಿಸಿದ ಬ್ಯಾಟರಿಗೆ ತಂತಿ ಎಳೆಯುವ ಕ್ರಮ

ಮಲೆನಾಡಿನ ಕಾಫಿ ತೋಟವಿರಲಿ, ಬಯಲುಸೀಮೆಯ ಅಡಿಕೆ ತೋಟವಿರಲಿ, ಹಳೆಯ ಜೀಪನ್ನು ನೆಚ್ಚಿಕೊಂಡ ಬೆಳೆಗಾರರು ನಮ್ಮಲ್ಲಿ ಅನೇಕರಿದ್ದಾರೆ. ಗೊಬ್ಬರ ಹೊರಲು, ಆಳುಗಳನ್ನು ಕರೆತರಲು, ಅಡಿಕೆ ಮೂಟೆಗಳನ್ನು ಮಂಡಿಗೆ ಸಾಗಿಸಲು, ಅಪರಾತ್ರಿಯಲ್ಲಿ ಕಾಯಿಲೆಯವರನ್ನು ಪೇಟೆಯ ಆಸ್ಪತ್ರೆಗೆ ಒಯ್ಯಲು ಅದೇ ಆಧಾರ. ಆದರೆ ಈ ಜೀಪುಗಳಲ್ಲಿ ಬಹಳಷ್ಟು ಕಂಪನಿಯಿಂದ ಬಂದ ರೂಪದಲ್ಲಿ ಉಳಿದಿಲ್ಲ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ಹಿಂಬದಿ ಉದ್ದ ಮಾಡಿದ್ದಾರೆ. ಬಾನೆಟ್ಟಿನ ಕೆಳಗೆ ಜಾಗ ಸಾಲದೆ ಬ್ಯಾಟರಿಯನ್ನು ಸೀಟಿನ ಕೆಳಕ್ಕೋ ಹಿಂಬದಿಗೋ ಒಯ್ದಿದ್ದಾರೆ. ಈ ಕೊನೆಯ ಬದಲಾವಣೆಯ ವಿಷಯವನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ. ಇದರಲ್ಲಿ ನಾವು ಕಲಿತದ್ದು ಪುಸ್ತಕಕ್ಕಿಂತ ಪೆಟ್ಟು ತಿಂದು ಕಲಿತದ್ದೇ ಹೆಚ್ಚು.

ನಮ್ಮ ಜೀಪಿನ ಕಥೆ

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳ ಮಳೆ ಕಡಿಮೆಯ ಸೀಮೆ. ಶೇಂಗಾ ಇಲ್ಲಿಯ ಹಳೆಯ ಬೆಳೆ. ಕೊಳವೆಬಾವಿಯನ್ನು ನಂಬಿ ಅಡಿಕೆ ಇಟ್ಟವರಲ್ಲಿ ನಾವೂ ಒಬ್ಬರು. ತೋಟದ ಕೆಲಸಕ್ಕೆಂದು ಕಾಫಿ ಸೀಮೆಯಿಂದ ಒಂದು ಹಳೆಯ ಜೀಪನ್ನು ಕೊಂಡು ತಂದೆವು. ಅದಕ್ಕೆ ಆಗಲೇ ಡೀಸೆಲ್ ಎಂಜಿನ್ ಕೂರಿಸಿ, ಬ್ಯಾಟರಿಯನ್ನು ಹಿಂದಿನ ಎಡಸೀಟಿನ ಕೆಳಗೆ ಇಡಲಾಗಿತ್ತು. ಓಡುತ್ತಿದ್ದ ಗಾಡಿ, ನಾವೂ ಸೀಟು ಎತ್ತಿ ನೋಡುವ ಗೋಜಿಗೆ ಹೋಗಲಿಲ್ಲ.

ಕೆಲವು ತಿಂಗಳಲ್ಲಿ ಬೆಳಗಿನ ಹೊತ್ತು ಸ್ಟಾರ್ಟರ್ ಸೋಮಾರಿಯಾಗಿ ತಿರುಗತೊಡಗಿತು. ಬ್ಯಾಟರಿ ಸತ್ತಿದೆ ಎಂದುಕೊಂಡು ಹೊಸದು ಹಾಕಿದೆವು. ಎರಡು ತಿಂಗಳಿಗೆ ಮತ್ತೆ ಅದೇ ಪಾಡು. ಅಡಿಕೆ ಸುಲಿತ ನಡೆಯುತ್ತಿದ್ದ ದಿನ, ಹಿಂಬದಿಯಲ್ಲಿ ಒಣಸಿಪ್ಪೆಯ ಚೀಲಗಳನ್ನು ತುಂಬಿಕೊಂಡು, ಮುಸ್ಸಂಜೆಯಲ್ಲಿ ಕೀಲಿ ತಿರುಗಿಸಿದೆವು. ಎಂಜಿನ್ ಎರಡು ಸುತ್ತು ಮುಲುಗಿತು. ಕಾಲ ಬಳಿ ಹೊಗೆ ಎದ್ದಿತು. ನೋಡಿದರೆ ಆಕ್ಸಿಲರೇಟರಿನ ಕೇಬಲ್ಲು! ಅದರ ಪ್ಲಾಸ್ಟಿಕ್ ಕವಚ ಕರಗಿ ತೊಟ್ಟಿಕ್ಕುತ್ತಿತ್ತು. ಕರೆಂಟಿಗೂ ಆಕ್ಸಿಲರೇಟರಿಗೂ ಏನು ಸಂಬಂಧವೆಂದು ನಮಗೆ ದಿಗಿಲಾಯಿತು.

ಚಳ್ಳಕೆರೆಯಿಂದ ಬಂದ ಎಲೆಕ್ಟ್ರಿಷಿಯನ್ ಹುಡುಗ ಮೀಟರ್ ಹಿಡಿದು ನೋಡಿ ಹೇಳಿದ: "ಯಜಮಾನ್ರೇ, ಬ್ಯಾಟ್ರಿ ಚೆನ್ನಾಗೈತೆ. ಕರೆಂಟು ವಾಪಸ್ ಬರಾಕೆ ದಾರಿ ಇಲ್ಲ. ಅದುಕ್ಕೇ ಸಿಕ್ಕಿದ ದಾರಿ ಹಿಡ್ದೈತೆ."

ಆಮೇಲೆ ಸೀಟು ಎತ್ತಿದೆವು. ಬ್ಯಾಟರಿಯಿಂದ ಮುಂದಕ್ಕೆ ಹೋಗಿದ್ದ ತಂತಿ ಬೋರ್ ಮೋಟಾರಿಗೆ ಇಳಿಬಿಟ್ಟು ಉಳಿದಿದ್ದ ಚಪ್ಪಟೆ ಕೇಬಲ್ಲು. ಮೂರು ಎಳೆಯನ್ನೂ ಸೇರಿಸಿ ಹೊಸೆದಿದ್ದರು. ತಳದ ತಗಡಿನ ತೂತಿನಲ್ಲಿ ಅದು ಉಜ್ಜಿ ಉಜ್ಜಿ ಒಂದು ಕಡೆ ತಾಮ್ರ ಕಾಣುತ್ತಿತ್ತು. ಫ್ಯೂಸ್ ಎಂಬುದು ಎಲ್ಲಿಯೂ ಇರಲಿಲ್ಲ. ಆ ತಾಮ್ರಕ್ಕೂ ತಗಡಿಗೂ ನಡುವೆ ಉಳಿದಿದ್ದದ್ದು ಒಂದು ಕಾಗದದ ದಪ್ಪದ ರಬ್ಬರು. ಅದರ ಮೇಲೆಯೇ ನಾವು ಒಣಸಿಪ್ಪೆಯ ಚೀಲ ಒಟ್ಟಿದ್ದೆವು. ಮನೆಯ ಮಕ್ಕಳು ಶಾಲೆಗೆ ಹೋಗುವಾಗ ಕೂರುತ್ತಿದ್ದದ್ದೂ ಅದೇ ಸೀಟಿನ ಮೇಲೆ. ಹೊಗೆಯಾಡಿದ ಕೇಬಲ್ಲಿಗಿಂತ ಹೆಚ್ಚಾಗಿ ನಮ್ಮನ್ನು ನಡುಗಿಸಿದ್ದು ಈ ನೋಟವೇ.

ಜಾಗ ಬದಲಿಸುವುದು ತಪ್ಪೇ?

ತಪ್ಪಲ್ಲ. ಜೀಪಿನ ಮೂಲ ವಿನ್ಯಾಸ ಎರಡನೇ ಮಹಾಯುದ್ಧದ ಕಾಲದ್ದು. ಅದರಲ್ಲಿ ಬ್ಯಾಟರಿ ಎಂಜಿನ್ನಿನ ಮಗ್ಗುಲಲ್ಲೇ ಇತ್ತು. ಡೀಸೆಲ್ ಎಂಜಿನ್ನಿಗೆ ಹೆಚ್ಚು ದೊಡ್ಡ ಬ್ಯಾಟರಿ ಬೇಕು, ಅದಕ್ಕೆ ಅಲ್ಲಿ ಜಾಗವಿಲ್ಲ. ಎಂಜಿನ್ನಿನ ಕಾವಿನಿಂದ ದೂರವಿಟ್ಟರೆ ಬ್ಯಾಟರಿಯ ಬಾಳಿಕೆಗೂ ಒಳ್ಳೆಯದು. ಬೇಸಿಗೆಯಲ್ಲಿ ಬಿಸಿಲೇ ಸುಡುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಲಾಭವಲ್ಲ.

ಆದರೆ ಒಂದು ಸಂಗತಿಯನ್ನು ಮರೆಯಬಾರದು. ಹಳೆಯ ಜಾಗದಲ್ಲಿ ಸ್ಟಾರ್ಟರ್ ತಂತಿ ಗಿಡ್ಡ, ಕಣ್ಣೆದುರಿಗೇ ಇರುತ್ತಿತ್ತು. ಆದ್ದರಿಂದ ಅದಕ್ಕೆ ಫ್ಯೂಸ್ ಇಡದಿದ್ದರೂ ನಡೆಯುತ್ತಿತ್ತು. ಬ್ಯಾಟರಿ ಹಿಂದಕ್ಕೆ ಹೋದೊಡನೆ ಅದೇ ತಂತಿ ಐದು ಮೀಟರಿನಷ್ಟು ಉದ್ದವಾಗಿ, ತಗಡಿನ ತೂತು, ಡೀಸೆಲ್ ಪೈಪು, ಸೈಲೆನ್ಸರು ಎಲ್ಲವನ್ನೂ ದಾಟಿ ಹೋಗಬೇಕಾಗುತ್ತದೆ. ಹೀಗಾಗಿ ಮೂರು ಪ್ರಶ್ನೆಗಳಿಗೆ ಹೊಸದಾಗಿ ಉತ್ತರ ಕಂಡುಕೊಳ್ಳಬೇಕು: ತಂತಿ ಎಷ್ಟು ದಪ್ಪವಿರಬೇಕು? ಕರೆಂಟು ಹಿಂದಿರುಗುವ ದಾರಿ ಯಾವುದು? ತಂತಿ ಎಲ್ಲಾದರೂ ತಗಡಿಗೆ ತಾಗಿದರೆ ಅದನ್ನು ತಡೆಯುವವರು ಯಾರು?

ತಂತಿಯ ದಪ್ಪ

ಕೊಳವೆಬಾವಿಯ ನೀರನ್ನು ದೂರದ ತೋಟಕ್ಕೆ ಸಣ್ಣ ಪೈಪಿನಲ್ಲಿ ತಂದರೆ ಕೊನೆಯ ಸಾಲಿಗೆ ನೀರಿನ ಒತ್ತಡ ಉಳಿಯುವುದಿಲ್ಲ. ತಂತಿಯ ನಿಯಮವೂ ಇದೇ. ದೂರ ಹೆಚ್ಚಿದಷ್ಟೂ, ತಂತಿ ತೆಳುವಾದಷ್ಟೂ ವೋಲ್ಟೇಜು ದಾರಿಯಲ್ಲೇ ಸೋರಿ ಕಾವಾಗುತ್ತದೆ. ಮನೆಯ ದೀಪಕ್ಕೆ ಒಂದು ವೋಲ್ಟು ಕಡಿಮೆಯಾದರೆ ಗೊತ್ತೇ ಆಗದು. ಇಲ್ಲಿ ಇರುವುದೇ 12 ವೋಲ್ಟು. ಅದರಲ್ಲಿ ಒಂದು ವೋಲ್ಟು ಹೋದರೆ ಹನ್ನೆರಡರಲ್ಲಿ ಒಂದು ಪಾಲು ಹೋದಂತೆ.

ಜೀಪಿನ ಡೀಸೆಲ್ ಎಂಜಿನ್ನನ್ನು ತಿರುಗಿಸುವಾಗ ಸ್ಟಾರ್ಟರ್ ಸುಮಾರು 200ರಿಂದ 300 ಆಂಪಿಯರ್ ಎಳೆಯುತ್ತದೆ; ತಿರುಗಲು ತೊಡಗುವ ಮೊದಲ ಕ್ಷಣದಲ್ಲಿ ಇನ್ನೂ ಹೆಚ್ಚು. 250 ಆಂಪಿಯರ್ ಎಂದು ಹಿಡಿದು, 5 ಮೀಟರ್ ಉದ್ದದ ಒಳ್ಳೆಯ ತಾಮ್ರದ ತಂತಿಯಲ್ಲಿ ಸೋರುವ ವೋಲ್ಟೇಜಿನ ಲೆಕ್ಕ ಹೀಗಿದೆ:

16 ಚದರ ಮಿ.ಮೀ. ತಂತಿ: 1.5 ವೋಲ್ಟು
25 ಚದರ ಮಿ.ಮೀ. ತಂತಿ: 1.0 ವೋಲ್ಟು
35 ಚದರ ಮಿ.ಮೀ. ತಂತಿ: 0.7 ವೋಲ್ಟು
50 ಚದರ ಮಿ.ಮೀ. ತಂತಿ: 0.5 ವೋಲ್ಟು
70 ಚದರ ಮಿ.ಮೀ. ತಂತಿ: 0.35 ವೋಲ್ಟು

ಅರ್ಧ ವೋಲ್ಟಿಗಿಂತ ಹೆಚ್ಚು ಸೋರಬಾರದೆಂಬುದು ಒಳ್ಳೆಯ ಅಳತೆ. ಆದ್ದರಿಂದ ಹಿಂಬದಿಯಲ್ಲಿ ಬ್ಯಾಟರಿ ಇಟ್ಟ ಡೀಸೆಲ್ ಜೀಪಿಗೆ 50 ಚದರ ಮಿ.ಮೀ.ಗಿಂತ ತೆಳುವಾದ ತಂತಿ ಸಲ್ಲದು. ನಮ್ಮ ಜೀಪಿನಲ್ಲಿದ್ದ ಬೋರ್ ಕೇಬಲ್ಲಿನ ಎಳೆಗಳು 6 ಚದರ ಮಿ.ಮೀ.ನವು, ಮೂರೂ ಸೇರಿ 18. ಹೊಸ ಬ್ಯಾಟರಿಯ ದುಡ್ಡು ಏಕೆ ದಂಡವಾಯಿತೆಂದು ಈ ಅಂಕಿಯೇ ಹೇಳುತ್ತದೆ.

ಕೊಳ್ಳುವಾಗ ಇನ್ನೊಂದು ಎಚ್ಚರ ಬೇಕು. ಅಲ್ಯುಮಿನಿಯಮ್ಮಿನ ಮೇಲೆ ತಾಮ್ರದ ಲೇಪ ಕೊಟ್ಟ ತಂತಿಯೂ ಪೇಟೆಯಲ್ಲಿ ಸಿಗುತ್ತದೆ, ಅಗ್ಗವೂ ಹೌದು. ಆದರೆ ಅಲ್ಯುಮಿನಿಯಮ್ ಕರೆಂಟನ್ನು ಸಾಗಿಸುವ ಶಕ್ತಿ ತಾಮ್ರದ ಸುಮಾರು 60 ಪಾಲು ಮಾತ್ರ. ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಬೇಡವೆನ್ನಿ. ತಂತಿಯ ತುದಿಗೆ ತಾಮ್ರದ ಲಗ್ಗನ್ನು ಒತ್ತುವ ಉಪಕರಣದಿಂದಲೇ ಒತ್ತಿಸಬೇಕು. ಸುತ್ತಿಗೆಯಿಂದ ಚಚ್ಚಿದ್ದು ನಿಲ್ಲುವುದಿಲ್ಲ. ಬರೀ ಬೆಸುಗೆಯನ್ನು ನಂಬುವುದೂ ಬೇಡ. ಜೋಡಣೆ ಕಾದರೆ ಬೆಸುಗೆ ಕರಗುತ್ತದೆ, ಕುಲುಕಾಟಕ್ಕೆ ಬೆಸುಗೆಯ ಅಂಚಿನಲ್ಲೇ ಎಳೆಗಳು ಮುರಿಯುತ್ತವೆ.

ಹಿಂದಿರುಗುವ ದಾರಿ

ಬ್ಯಾಟರಿಯಿಂದ ಹೊರಟ ಕರೆಂಟು ಬ್ಯಾಟರಿಗೇ ಮರಳಬೇಕು. ಮುನ್ನೂರು ಆಂಪಿಯರ್ ಹೋದರೆ ಮುನ್ನೂರೂ ವಾಪಸಾಗಬೇಕು. ನಾವೆಲ್ಲ ಕೆಂಪು ತಂತಿಯನ್ನು ಗಮನಿಸುತ್ತೇವೆ, ಕಪ್ಪು ತಂತಿಯನ್ನು ಸಿಕ್ಕಿದ ಬೋಲ್ಟಿಗೆ ಸಿಕ್ಕಿಸಿ ಕೈ ತೊಳೆದುಕೊಳ್ಳುತ್ತೇವೆ. ನಮ್ಮ ಜೀಪಿನಲ್ಲಿ ಆದದ್ದು ಇದೇ.

ಜೀಪಿನಲ್ಲಿ ಮೂರು ಕಬ್ಬಿಣಗಳಿವೆ ಎಂದು ತಿಳಿಯಿರಿ: ಬಾಡಿ, ಚಾಸಿ, ಎಂಜಿನ್. ಮೂರೂ ಒಂದೇ ಎಂದು ಕಣ್ಣಿಗೆ ತೋರುತ್ತದೆ, ಆದರೆ ಎಂಜಿನ್ ಕುಳಿತಿರುವುದು ರಬ್ಬರಿನ ಮೇಲೆ. ಬಾಡಿಗೂ ಚಾಸಿಗೂ ನಡುವೆ ರಬ್ಬರು, ಬಣ್ಣ, ತುಕ್ಕು ಇವೆ. ಸ್ಟಾರ್ಟರಿನ ಕರೆಂಟು ಎಂಜಿನ್ನಿನ ಕಬ್ಬಿಣದಿಂದ ಹೊರಬರಬೇಕು. ಎಂಜಿನ್ನಿನಿಂದ ಚಾಸಿಗೆ ದಪ್ಪ ಪಟ್ಟಿ ಇರದಿದ್ದರೆ ಅದು ಆಕ್ಸಿಲರೇಟರ್ ಕೇಬಲ್ಲು, ಕ್ಲಚ್ ಕೇಬಲ್ಲು, ಗೇರಿನ ಬೇರಿಂಗು ಹೀಗೆ ಯಾವುದಾದರೊಂದರಲ್ಲಿ ನುಗ್ಗುತ್ತದೆ. ನಮ್ಮ ಜೀಪಿಗೆ ಎಂಜಿನ್ ಬದಲಿಸಿದವರು ಆ ಪಟ್ಟಿಯನ್ನು ಮತ್ತೆ ಹಾಕಿರಲೇ ಇಲ್ಲ. ಕಪ್ಪು ತಂತಿಯನ್ನು ಸೀಟಿನ ಕೆಳಗಿನ ತಗಡಿಗೆ ಬಿಗಿದಿದ್ದರು.

ಸರಿಯಾದ ಕ್ರಮ ಹೀಗಿದೆ. ಬ್ಯಾಟರಿಯ ಮೈನಸ್ಸಿನಿಂದ ಚಾಸಿಯ ದಪ್ಪ ಉಕ್ಕಿಗೆ, ಕೆಂಪು ತಂತಿಯಷ್ಟೇ ದಪ್ಪದ ಗಿಡ್ಡ ತಂತಿ. ಚಾಸಿಯಿಂದ ಎಂಜಿನ್ನಿಗೆ, ಸಾಧ್ಯವಾದರೆ ಸ್ಟಾರ್ಟರ್ ಕೂರಿಸಿದ ಬೋಲ್ಟಿಗೇ, ಅಷ್ಟೇ ದಪ್ಪದ ಇನ್ನೊಂದು. ದೀಪ, ಹಾರನ್ನುಗಳಿಗಾಗಿ ಚಾಸಿಯಿಂದ ಬಾಡಿಗೆ ಸ್ವಲ್ಪ ತೆಳುವಾದ ಮೂರನೆಯದು. ಪ್ರತಿ ಜಾಗದಲ್ಲೂ ಬಣ್ಣ, ತುಕ್ಕು ಕೆರೆದು ಉಕ್ಕು ಹೊಳೆಯುವಂತೆ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಆಮೇಲೆ ಮೇಲೆ ಗ್ರೀಸು ಸವರಬೇಕು. ಮಲೆನಾಡಿನ ಮಳೆಯಲ್ಲಿ ಈ ಗ್ರೀಸಿಲ್ಲದಿದ್ದರೆ ಲಗ್ಗಿಗೆ ಹಸಿರು ಕಿಲುಬು, ಉಕ್ಕಿಗೆ ತುಕ್ಕು ಬೇಗ ಹತ್ತುತ್ತದೆ. ಚಾಸಿ ಬಹಳ ತುಕ್ಕು ಹಿಡಿದಿದ್ದರೆ ಅದನ್ನು ನಂಬದೆ ಕಪ್ಪು ತಂತಿಯನ್ನೂ ನೇರವಾಗಿ ಎಂಜಿನ್ನಿನವರೆಗೆ ಎಳೆಯುವುದು ಲೇಸು. ಆಗ ಹೋಗಿಬರುವ ದೂರ ಎರಡರಷ್ಟಾಗುವುದರಿಂದ 70 ಚದರ ಮಿ.ಮೀ. ತಂತಿಯನ್ನೇ ಬಳಸಬೇಕು.

ಕಾವಲಿನವನು ಎಲ್ಲಿ ನಿಲ್ಲಬೇಕು?

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಫ್ಯೂಸನ್ನು ಸ್ಟಾರ್ಟರಿನ ಬಳಿ ಇಟ್ಟರೂ ಅಷ್ಟೇ. ನಡುದಾರಿಯಲ್ಲಿ ತಂತಿ ತಗಡಿಗೆ ತಾಗಿದರೆ ಕರೆಂಟು ಫ್ಯೂಸಿನವರೆಗೆ ಬರುವುದೇ ಇಲ್ಲ. ಬ್ಯಾಟರಿಗೂ ತಗಡಿಗೂ ನಡುವೆಯೇ ಸುತ್ತಿ ಮರಳುತ್ತದೆ. ಒಳ್ಳೆಯ ಬ್ಯಾಟರಿ ಆಗ 1000 ಆಂಪಿಯರನ್ನೂ ಮೀರಿ ಕೊಡಬಲ್ಲದು. ನಿಮಿಷದೊಳಗೆ ತಂತಿಯ ಕವಚ ಹೊತ್ತಿಕೊಳ್ಳುತ್ತದೆ. ಕೀಲಿ ತೆಗೆದರೂ ನಿಲ್ಲುವುದಿಲ್ಲ, ಏಕೆಂದರೆ ಈ ತಂತಿ ಕೀಲಿಯ ಅಂಕೆಯಲ್ಲಿಲ್ಲ. ಗಾಡಿ ಕೊಟ್ಟಿಗೆಯಲ್ಲಿ ನಿಂತು ಮನೆಯವರೆಲ್ಲ ಮಲಗಿರುವಾಗಲೂ ಇದು ಆಗಬಹುದು.

ಆದ್ದರಿಂದ ಫ್ಯೂಸ್ ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಇರತಕ್ಕದ್ದು. ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಬೋಲ್ಟಿನಿಂದ ಬಿಗಿಯುವ, ನಿಧಾನವಾಗಿ ಸುಡುವ ಜಾತಿಯ ದೊಡ್ಡ ಫ್ಯೂಸುಗಳು ಇದಕ್ಕೆಂದೇ ಇವೆ. 50 ಚದರ ಮಿ.ಮೀ. ತಂತಿ ಎಳೆದ ಜೀಪಿಗೆ ಸಾಮಾನ್ಯವಾಗಿ 300 ಆಂಪಿಯರಿನ ಸುತ್ತಮುತ್ತಲಿನದು ಹೊಂದುತ್ತದೆ. ನಿಮ್ಮ ಸ್ಟಾರ್ಟರಿನ ಶಕ್ತಿ ನೋಡಿ ತಿಳಿದವರಿಂದ ನಿರ್ಧರಿಸಿಕೊಳ್ಳಿ. ಸ್ಟಾರ್ಟರ್ ತಂತಿಗೆ ಫ್ಯೂಸ್ ಇಟ್ಟರೆ ಎಲ್ಲೋ ಕಾಡಿನಲ್ಲಿ ಸುಟ್ಟು ಗಾಡಿ ನಿಂತೀತು ಎಂದು ಕೆಲವು ಮೇಸ್ತ್ರಿಗಳು ವಾದಿಸುವುದುಂಟು. ಅಳತೆ ಸರಿಯಿದ್ದರೆ ವೃಥಾ ಸುಡುವುದಿಲ್ಲ. ಒಂದು ಫ್ಯೂಸನ್ನು ಡ್ಯಾಷ್‌ಬೋರ್ಡಿನಲ್ಲಿ ಹೆಚ್ಚಿಗೆ ಇಟ್ಟುಕೊಂಡರೆ ಆ ಭಯವೂ ತೀರಿತು.

ದೊಡ್ಡ ಫ್ಯೂಸ್ ಸಣ್ಣ ತಂತಿಯನ್ನು ಕಾಯುವುದಿಲ್ಲ ಎಂಬುದನ್ನೂ ಗಮನಿಸಬೇಕು. ಬ್ಯಾಟರಿಯಿಂದಲೇ ಹೆಚ್ಚಿನ ದೀಪಕ್ಕೆ, ಔಷಧಿ ಸಿಂಪಡಿಸುವ ಪಂಪಿಗೆ ತಂತಿ ತೆಗೆದಿದ್ದರೆ ಪ್ರತಿಯೊಂದಕ್ಕೂ ಅದರ ಬುಡದಲ್ಲೇ ಬೇರೆ ಫ್ಯೂಸ್ ಬೇಕು: 1.5 ಚದರ ಮಿ.ಮೀ. ತಂತಿಗೆ 10 ಆಂಪಿಯರ್, 2.5ಕ್ಕೆ 20, 4ಕ್ಕೆ 30 ಎಂದು ಹಿಡಿಯಬಹುದು. ಫ್ಯೂಸ್ ಸುಟ್ಟಾಗ ತಾಮ್ರದ ಎಳೆಯನ್ನೋ ಸಿಗರೇಟಿನ ಬೇಗಡೆಯನ್ನೋ ಸುತ್ತುವುದು ಕಾವಲಿನವನನ್ನು ಕಳಿಸಿ ಕಳ್ಳನನ್ನು ಕರೆದಂತೆ.

ಆಲ್ಟರ್ನೇಟರಿನಿಂದ ಬರುವ ತಂತಿಯನ್ನು ಸ್ಟಾರ್ಟರಿನ ದೊಡ್ಡ ಬೋಲ್ಟಿಗೆ ಸೇರಿಸಿದರೆ ಚಾರ್ಜು ಅದೇ ದಪ್ಪ ತಂತಿಯಲ್ಲಿ ಹಿಂದಕ್ಕೆ ಹರಿಯುತ್ತದೆ. ಬ್ಯಾಟರಿಯನ್ನು ಬೇರ್ಪಡಿಸುವ ದೊಡ್ಡ ಸ್ವಿಚ್ಚನ್ನೂ ಚಾಲಕನ ಕೈಗೆಟುಕುವಂತೆ ಇಟ್ಟರೆ ರಾತ್ರಿ ನಿಶ್ಚಿಂತೆ. ಆದರೆ ಎಂಜಿನ್ ಓಡುತ್ತಿರುವಾಗ ಆ ಸ್ವಿಚ್ಚನ್ನು ಆರಿಸಬಾರದು. ಆಲ್ಟರ್ನೇಟರಿನ ಡಯೋಡುಗಳು ಸುಟ್ಟುಹೋಗಬಹುದು.

ತಂತಿ ಹೋಗುವ ಹಾದಿ, ಬ್ಯಾಟರಿಯ ಪೆಟ್ಟಿಗೆ

ತಗಡಿನಲ್ಲಿ ಕೊರೆದ ಪ್ರತಿ ತೂತಿಗೂ ರಬ್ಬರಿನ ಬುಷ್ ಹಾಕಬೇಕು. ತಂತಿಗೆ ಉದ್ದಕ್ಕೂ ಸುಕ್ಕುಕೊಳವೆ ತೊಡಿಸಿ, ಅಡಿಗೊಂದರಂತೆ ಚಾಸಿಗೆ ಕ್ಲಿಪ್ಪು ಬಿಗಿಯಬೇಕು. ಸೈಲೆನ್ಸರ್ ಪೈಪಿನಿಂದಲೂ ತಿರುಗುವ ಷಾಫ್ಟಿನಿಂದಲೂ ದೂರವಿರಲಿ. ಡೀಸೆಲ್ ಪೈಪಿಗೆ ಜೋಡಿಸಿ ಕಟ್ಟಲೇಬಾರದು. ಎಂಜಿನ್ ಅಲುಗಾಡುವುದರಿಂದ ಅದರ ಬಳಿ ತಂತಿಗೆ ಸ್ವಲ್ಪ ಸಡಿಲು ಬಿಡಬೇಕು.

ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಅನಿಲ ಹೊರಡುತ್ತದೆ. ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಬಾನೆಟ್ಟಿನ ಕೆಳಗಿದ್ದಾಗ ಅದು ಗಾಳಿಗೆ ಹಾರಿಹೋಗುತ್ತಿತ್ತು. ಸೀಟಿನ ಕೆಳಗೆ ಹಾಗಾಗುವುದಿಲ್ಲ. ಆದ್ದರಿಂದ ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬ್ಯಾಟರಿ ಇಟ್ಟು, ಪೆಟ್ಟಿಗೆಯ ಮೇಲ್ಭಾಗದಿಂದ ಗಾಡಿಯ ಹೊರಕ್ಕೆ ಒಂದು ಕೊಳವೆ ಬಿಡಬೇಕು. ಫ್ಯೂಸು, ಸ್ವಿಚ್ಚು ಪೆಟ್ಟಿಗೆಯ ಹೊರಗೇ ಇರಲಿ. ಪೆಟ್ಟಿಗೆಯೊಳಗೆ ಬ್ಯಾಟರಿ ಅಲುಗದಂತೆ ಕಬ್ಬಿಣದ ಪಟ್ಟಿಯಿಂದ ಚಾಸಿಗೆ ಬಿಗಿಯಬೇಕು, ಆ ಪಟ್ಟಿ ಪ್ಲಸ್ಸಿಗೆ ತಾಗದಂತೆ ರಬ್ಬರು ಹೊದಿಸಬೇಕು. ಇಪ್ಪತ್ತು ಕಿಲೋ ತೂಕದ ವಸ್ತು ಗಾಡಿ ಮಗುಚಿದಾಗ ಸೀಟಿನಲ್ಲಿದ್ದವರ ಮೇಲೆ ಬಂದರೆ ಗತಿಯೇನು?

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರನ್ನಷ್ಟೇ ಹಾಕಿ. ನಮ್ಮ ಕಡೆಯ ಬೋರಿನ ನೀರಿನಲ್ಲಿ ಉಪ್ಪು, ಫ್ಲೋರೈಡು ಹೆಚ್ಚು. ಅದು ಬ್ಯಾಟರಿಗೆ ವಿಷ. ಕಣ್ಣಿಗೆ ಬೀಳದ ಜಾಗದಲ್ಲಿಟ್ಟ ಬ್ಯಾಟರಿಗೆ ನೀರು ಮರೆತುಹೋಗುವುದು ಸಹಜ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಸೀಟು ಎತ್ತುವ ದಿನವನ್ನು ಗೊತ್ತುಮಾಡಿಕೊಳ್ಳಿ. ಮೇಲೆ ಕೂತ ಧೂಳು, ಆಸಿಡ್ಡಿನ ಪಸೆಯನ್ನು ಅಡಿಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಆ ನೀರು ಮುಚ್ಚಳಗಳ ಒಳಗೆ ಹೋಗಬಾರದು.

ಕೆಲಸ ಮುಗಿದ ಮೇಲೆ ಪರೀಕ್ಷೆ

ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಕೈಯ ಉಂಗುರ, ಗಡಿಯಾರ ತೆಗೆದಿಡಿ. ಗಾಡಿಗೆ ವೆಲ್ಡಿಂಗ್ ಮಾಡಿಸುವಾಗಲೂ ಬ್ಯಾಟರಿಯ ಎರಡೂ ತಂತಿ ಬಿಚ್ಚಿಸಿ.

ಸಾಮಾನ್ಯ ಮಲ್ಟಿಮೀಟರ್ ಒಂದಿದ್ದರೆ ನಮ್ಮ ಕೆಲಸವನ್ನು ನಾವೇ ಅಳೆಯಬಹುದು. ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಹಿಡಿಯದಂತೆ ಸ್ಟಾಪ್ ಎಳೆದು, ಒಬ್ಬರು ಕೀಲಿ ತಿರುಗಿಸಲಿ, ಇನ್ನೊಬ್ಬರು ಅಳೆಯಲಿ. ಒಂದು ಸಲಕ್ಕೆ ಐದು ಸೆಕೆಂಡು ಸಾಕು.

1. ಬ್ಯಾಟರಿಯ ಎರಡು ಟರ್ಮಿನಲ್ಲುಗಳ ನಡುವೆ: 9.6 ವೋಲ್ಟಿಗಿಂತ ಇಳಿಯಬಾರದು. ಇಳಿದರೆ ದೋಷ ಬ್ಯಾಟರಿಯದು, ಇಲ್ಲವೇ ಅದಕ್ಕೆ ಚಾರ್ಜು ಸಾಲದು.

2. ಬ್ಯಾಟರಿಯ ಪ್ಲಸ್ಸಿನಿಂದ ಸ್ಟಾರ್ಟರಿನ ದೊಡ್ಡ ಬೋಲ್ಟಿಗೆ: ಅರ್ಧ ವೋಲ್ಟಿನ ಸುತ್ತ ಇರಬೇಕು. ಹೆಚ್ಚು ತೋರಿದರೆ ತಂತಿ ತೆಳು, ಇಲ್ಲವೇ ಲಗ್ಗು ಸಡಿಲ.

3. ಎಂಜಿನ್ನಿನ ಕಬ್ಬಿಣದಿಂದ ಬ್ಯಾಟರಿಯ ಮೈನಸ್ಸಿಗೆ: 0.3 ವೋಲ್ಟಿನೊಳಗೆ ಇರಬೇಕು. ಕಪ್ಪು ತಂತಿಯನ್ನೂ ಎಂಜಿನ್ನಿನವರೆಗೆ ಎಳೆದಿದ್ದರೆ 0.4ರವರೆಗೆ ಸರಿ. ನಮ್ಮ ಜೀಪಿನಲ್ಲಿ ಈ ಜಾಗದಲ್ಲಿ 3 ವೋಲ್ಟಿಗಿಂತ ಹೆಚ್ಚು ತೋರಿತ್ತು!

4. ಆಮೇಲೆ ಎಂಜಿನ್ ಓಡಿಸಿ, ಬ್ಯಾಟರಿಯ ಮೇಲೆಯೇ ಅಳೆಯಿರಿ: 13.8ರಿಂದ 14.4 ವೋಲ್ಟು ಬಂದರೆ ಚಾರ್ಜು ಸರಿಯಾಗಿ ತಲುಪುತ್ತಿದೆ.

ಕೊನೆಗೆ ಪ್ರತಿ ಲಗ್ಗನ್ನೂ ಕೈಯಿಂದ ಮುಟ್ಟಿ ನೋಡಿ. ಬಿಸಿಯಾದದ್ದು ಸಡಿಲವಿರುವುದು. ಒಂದು ವಾರ ಓಡಿಸಿದ ಮೇಲೆ ಎಲ್ಲ ಬೋಲ್ಟುಗಳಿಗೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿ.

ಕಾಗದಪತ್ರದ ಮಾತು

ಎಂಜಿನ್ ಬದಲಿಸಿದ, ಬಾಡಿ ಉದ್ದ ಮಾಡಿದ ಗಾಡಿಗಳನ್ನು ಕೊಳ್ಳುವವರು ನೋಂದಣಿ ಪತ್ರವನ್ನು ತಾಳೆ ನೋಡಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ನೋಂದಣಿಯ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಎಂಜಿನ್ ಬದಲಾವಣೆಯಂಥವಕ್ಕೆ ಅನುಮತಿ ಬೇಕು. 2019ರಲ್ಲಿ ಸುಪ್ರೀಂ ಕೋರ್ಟೂ ಈ ಕಲಮನ್ನು ಬಿಗಿಯಾಗಿಯೇ ಅರ್ಥೈಸಿದೆ. ವಿಮೆಯವರಿಗೂ ತಿಳಿಸಿರಬೇಕು. ಬೆಂಕಿ ಬಿದ್ದ ದಿನ ಕಾಗದ ಹುಡುಕಿದರೆ ಪ್ರಯೋಜನವಿಲ್ಲ.

ನಮ್ಮ ಜೀಪಿಗೆ ಹೊಸ ತಂತಿ, ಮೂರು ಅರ್ಥ್ ಪಟ್ಟಿ, ಫ್ಯೂಸು, ಪೆಟ್ಟಿಗೆ ಎಲ್ಲ ಹಾಕಿಸಲು ಒಂದು ದಿನ ಹಿಡಿಯಿತು. ಸತ್ತಿತೆಂದು ಬದಿಗಿಟ್ಟಿದ್ದ ಹಳೆಯ ಬ್ಯಾಟರಿಯನ್ನು ಚಾರ್ಜು ಮಾಡಿಸಿ ನೋಡಿದಾಗ ಅದರಲ್ಲೂ ಎಂಜಿನ್ ಒಂದೇ ಹಿಡಿತಕ್ಕೆ ಹೊರಟಿತು. ಅಂದರೆ ಹೊಸದಕ್ಕೆ ಕೊಟ್ಟ ದುಡ್ಡು ತಂತಿಯ ದೋಷಕ್ಕೆ ತೆತ್ತ ದಂಡ. ಅದರ ಬಗ್ಗೆ ಈಗ ನಮಗೆ ಬೇಸರವಿಲ್ಲ. ಸೀಟಿನ ಮೇಲೆ ಮಕ್ಕಳು ಕೂತಿದ್ದ ದಿನಗಳನ್ನು ನೆನೆದರೆ ಅಗ್ಗವಾಗಿಯೇ ಪಾರಾದೆವು.

ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಬ್ಯಾಟರಿಯ ಜಾಗ ಬದಲಿಸಿದ ಗಾಡಿ ನಿಮ್ಮ ಮನೆಯಲ್ಲಿದ್ದರೆ ಇಂದು ಸಂಜೆಯೇ ಸೀಟು ಎತ್ತಿ ನೋಡಿ. ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಫ್ಯೂಸ್ ಕಾಣದಿದ್ದರೆ ಮೈನಸ್ ತಂತಿಯನ್ನು ಬಿಚ್ಚಿಟ್ಟು, ನಾಳೆ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಮೂಟೆ ತುಂಬುವುದು ಆಮೇಲಾಗಲಿ.